ಐರೀಡ್-ಆಲ್ ಹಾಕಿದರೂ ಪ್ರೋಗ್ರಾಂ ಯಾಕೆ ವೇಗವಾಗಲಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಪಿಎಚ್‌ಡಿ ವಿದ್ಯಾರ್ಥಿ. ಪಶ್ಚಿಮ ಘಟ್ಟದ ಮಳೆಯ ಮಾದರಿಯಿಂದ ಬಂದ ಫೈಲ್‌ಗಳನ್ನು ಓದಿ ಲೆಕ್ಕ ಮಾಡುವ ಒಂದು ಎಂಪಿಐ (ಹಲವು ಪ್ರೊಸೆಸ್‌ಗಳು ಸಂದೇಶ ಕಳಿಸಿಕೊಂಡು ಒಟ್ಟಿಗೆ ಕೆಲಸ ಮಾಡುವ ವ್ಯವಸ್ಥೆ) ಪ್ರೋಗ್ರಾಂ ಬರೆದಿದ್ದೇನೆ, ಫೋರ್ಟ್ರಾನ್‌ನಲ್ಲಿ. 16 ನೋಡ್ (ಅಂದರೆ 16 ಕಂಪ್ಯೂಟರ್), ಒಂದೊಂದರಲ್ಲಿ 48 ಕೋರ್, ಒಟ್ಟು 768 ಪ್ರೊಸೆಸ್. ಒಂದು ಹೆಜ್ಜೆಗೆ ಒಂದು ಫೈಲ್, ಹಾಗೆ 240 ಫೈಲ್. ಒಂದೊಂದೂ 24 ಜಿಬಿ. ಪ್ರತಿ ಪ್ರೊಸೆಸ್ ತನ್ನ ಪಾಲಿನ ಮೂರು ಆಯಾಮದ ಡಬ್ಬಿಯಷ್ಟು ಭಾಗ ಓದುತ್ತದೆ. ಓದಲು 9 ಸೆಕೆಂಡ್, ಲೆಕ್ಕಕ್ಕೆ 12 ಸೆಕೆಂಡ್. ಎಲ್ಲ ಪ್ರೊಸೆಸ್‌ಗಳೂ ಸೇರಿ ಓದಿ ಮುಗಿಯುವವರೆಗೆ ಕಾಯುವ ರೀಡ್-ಆಲ್ ತೆಗೆದು, ಕಾಯದೆ ವಾಪಸ್ ಬರುವ ಐರೀಡ್-ಆಲ್ ಹಾಕಿ, ಮುಂದಿನ ಫೈಲ್ ಓದಲು ಹೇಳಿ, ಈಗಿನದರ ಲೆಕ್ಕ ಮುಗಿಸಿ, ಆಮೇಲೆ ಓದು ಮುಗಿಯಲು ಕಾಯುವ ವೇಟ್ ಕರೆಯುವಂತೆ ಮಾಡಿದೆ. ಸಮಯ ಅರ್ಧ ಆಗುತ್ತದೆ ಅಂದುಕೊಂಡಿದ್ದೆ. 21 ಸೆಕೆಂಡ್ ಇದ್ದದ್ದು 20 ಆಗಿದೆ, ಅಷ್ಟೇ. ಅದಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದು. ಕೆಲವು ಸಲ ಡಬ್ಬಿಯೊಳಗೆ ಹಿಂದಿನ ಹೆಜ್ಜೆಯ ಮಳೆಯೇ ಉಳಿದಿರುತ್ತದೆ, ಕೆಲವು ಸಲ ಸೊನ್ನೆ. ಕಲೆಕ್ಟಿವ್ (ಎಲ್ಲರೂ ಸೇರಿ ಓದುವುದು) ಬಿಟ್ಟು, ಪ್ರತಿ ಪ್ರೊಸೆಸ್ ತಾನೇ ಓದುವ ಬರೀ ಐರೀಡ್ ಹಾಕು ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಥ್ರೆಡ್ (ಒಂದೇ ಪ್ರೊಸೆಸ್ ಒಳಗೆ ಜೊತೆಜೊತೆಯಾಗಿ ಓಡುವ ಕೆಲಸದ ಎಳೆ) ಹಾಕು ಅಂತ ಇನ್ನೊಬ್ಬಳು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಮಸ್ಯೆಗಳಿವೆ. ಒಂದು ವೇಗದ್ದು, ಇನ್ನೊಂದು ತಪ್ಪು ಉತ್ತರದ್ದು. ತಪ್ಪು ಉತ್ತರವನ್ನು ಮೊದಲು ನೋಡೋಣ. ಮಳೆಯ ಅಂಕಿಯೇ ತಪ್ಪಿದ್ದರೆ ಅದನ್ನು 12 ಸೆಕೆಂಡಲ್ಲಿ ಪಡೆದರೂ ಉಪಯೋಗವಿಲ್ಲ ಅಲ್ವಾ?

ವೇಟ್ ಮುಗಿಯುವ ಮೊದಲು ಬಫರ್ (ಓದಿದ ಅಂಕಿ ಬಂದು ಸೇರುವ ಮೆಮೊರಿಯ ಜಾಗ) ಮುಟ್ಟಬಾರದು ಅನ್ನುವ ನಿಯಮ ನಿಮಗೆ ಗೊತ್ತಿದೆ, ಪಾಲಿಸಿಯೂ ಇದ್ದೀರಿ ಅಂತ ಪತ್ರದಿಂದಲೇ ತಿಳಿಯುತ್ತದೆ. ಹಾಗಾದರೆ ಹಿಂದಿನ ಹೆಜ್ಜೆಯ ಅಂಕಿ ಎಲ್ಲಿಂದ ಬಂತು? ನನ್ನ ಅನುಮಾನ ಫೋರ್ಟ್ರಾನ್ ಕಂಪೈಲರ್ ಮೇಲೆ. ಮಳೆ, ಗಾಳಿಯ ಮಾದರಿಗಳಲ್ಲಿ ಪ್ರತಿ ಡಬ್ಬಿಯ ಸುತ್ತ ಅಕ್ಕಪಕ್ಕದವರ ಅಂಕಿಗೆಂದು ಒಂದು ಅಂಚು ಬಿಟ್ಟಿರುತ್ತೇವೆ. ಓದುವಾಗ ಅಂಚನ್ನು ಬಿಟ್ಟು ಒಳಭಾಗವನ್ನು ಮಾತ್ರ ಕೊಡುತ್ತೇವೆ, ಅಂದರೆ 2ರಿಂದ ಕೊನೆಯ ಹಿಂದಿನದರವರೆಗೆ. ಆ ಒಳಭಾಗ ಮೆಮೊರಿಯಲ್ಲಿ ಒಂದೇ ಸಾಲಾಗಿ ಇರುವುದಿಲ್ಲ. ಹಳೆಯ ಎಂಪಿಐ ಇಂಟರ್ಫೇಸ್ ಬಳಸಿದರೆ ಕಂಪೈಲರ್ ನಿಮಗೆ ಹೇಳದೆಯೇ ಒಂದು ತಾತ್ಕಾಲಿಕ ನಕಲು ಮಾಡಿ, ಅದನ್ನು ಲೈಬ್ರರಿಗೆ ಕೊಡುತ್ತದೆ. ಕರೆ ಮುಗಿದ ತಕ್ಷಣ ನಕಲನ್ನು ನಿಮ್ಮ ಅರೇಗೆ ವಾಪಸ್ ಸುರಿದು ಬಿಸಾಡುತ್ತದೆ.

ರೀಡ್-ಆಲ್‌ನಲ್ಲಿ ಇದರಿಂದ ತೊಂದರೆ ಇರಲಿಲ್ಲ. ಕರೆ ಮುಗಿಯುವ ಹೊತ್ತಿಗೆ ಓದೂ ಮುಗಿದಿರುತ್ತಿತ್ತು. ಐರೀಡ್-ಆಲ್ ತಕ್ಷಣ ವಾಪಸ್ ಬರುತ್ತದೆ. ಆಗ ನಕಲಿನಲ್ಲಿ ಇರುವುದು ಹಳೆಯ ಅಂಕಿ. ಅದೇ ನಿಮ್ಮ ಅರೇಗೆ ಸುರಿಯುತ್ತದೆ. ಆಮೇಲೆ ಲೈಬ್ರರಿ ಹೊಸ ಅಂಕಿಯನ್ನು ಬಿಸಾಡಿದ ಜಾಗಕ್ಕೆ ಬರೆಯುತ್ತದೆ. ಆ ಜಾಗ ಅಷ್ಟರಲ್ಲಿ ಬೇರೆ ಯಾವುದಕ್ಕೋ ಸಿಕ್ಕಿದ್ದರೆ ಅದೂ ಕೆಡುತ್ತದೆ. ಪ್ರೋಗ್ರಾಂ ಬಿದ್ದುಹೋಗದೆ ಸುಮ್ನೆ ತಪ್ಪು ಉತ್ತರ ಕೊಡುವುದು ಇದರ ಕೆಟ್ಟ ಗುಣ. ನಾನು ಇದೇ ದೋಷದ ಹಿಂದೆ ಒಮ್ಮೆ ಎರಡು ವಾರ ಅಲೆದಿದ್ದೇನೆ, ಡಿಸ್ಕನ್ನು ಅನುಮಾನಿಸುತ್ತಾ.

ಪರಿಹಾರ ಸುಲಭ. ಅಂಚಿಲ್ಲದ, ಒಂದೇ ಸಾಲಿನ ಬೇರೆ ಬಫರ್‌ಗೆ ಓದಿ. ವೇಟ್ ಆದ ಮೇಲೆ ಅಂಚಿರುವ ಅರೇಗೆ ನೀವೇ ನಕಲು ಮಾಡಿ. 24 ಜಿಬಿಯನ್ನು 768 ಪ್ರೊಸೆಸ್‌ಗೆ ಹಂಚಿದರೆ ಒಬ್ಬರಿಗೆ 32 ಎಂಬಿ. ಅಷ್ಟನ್ನು ಮೆಮೊರಿಯೊಳಗೇ ನಕಲು ಮಾಡಲು ಹಿಡಿಯುವ ಸಮಯ ನಿಮ್ಮ 12 ಸೆಕೆಂಡಿನ ಎದುರು ಲೆಕ್ಕಕ್ಕೇ ಇಲ್ಲ. ಬಫರ್‌ಗೆ ಅಸಿಂಕ್ರೊನಸ್ ಅನ್ನುವ ಗುಣವನ್ನು ಸೇರಿಸಿ, ಎಂಪಿಐನ ಹೊಸ ಫೋರ್ಟ್ರಾನ್ ಇಂಟರ್ಫೇಸ್ ಆದ ಎಂಪಿಐ-ಎಫ್08 ಮಾಡ್ಯೂಲ್‌ಗೆ ಬದಲಾಯಿಸಿ. ವೇಟ್ ಕರೆಗೆ ಬಫರ್ ಕೊಡುವುದಿಲ್ಲವಲ್ಲ, ಹಾಗಾಗಿ ವೇಟ್‌ಗೂ ಬಫರ್‌ಗೂ ಸಂಬಂಧ ಇದೆ ಅಂತ ಕಂಪೈಲರ್‌ಗೆ ತಿಳಿಯುವುದಿಲ್ಲ. ಬಫರ್ ಓದುವ ಸಾಲನ್ನು ವೇಟ್‌ಗಿಂತ ಮೇಲಕ್ಕೆ ಸರಿಸಲು ಅದಕ್ಕೆ ಅಡ್ಡಿ ಇರುವುದಿಲ್ಲ. ಆ ಗುಣ ಹಾಕಿದರೆ ಸರಿಸುವುದಿಲ್ಲ.

ಇನ್ನೊಂದನ್ನೂ ಇವತ್ತೇ ನೋಡಿಬಿಡಿ. ಎಂಪಿಐನಲ್ಲಿ ಸಂದೇಶ ಕಳಿಸುವಾಗ ತಪ್ಪಾದರೆ ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತದೆ. ಫೈಲ್ ಕರೆಗಳು ಹಾಗಲ್ಲ. ತಪ್ಪಿನ ಸಂಖ್ಯೆಯನ್ನು ವಾಪಸ್ ಕೊಟ್ಟು ಮುಂದೆ ಹೋಗುತ್ತವೆ. ಅದು ಅವುಗಳ ಸಹಜ ನಡತೆ. ಫೈಲ್ ತೆರೆಯದಿದ್ದರೂ ನೀವು ಆ ಸಂಖ್ಯೆ ನೋಡದಿದ್ದರೆ ಸೊನ್ನೆ ಕಾಣಬಹುದು. ಪ್ರತಿ ಕರೆಯ ಫಲವನ್ನು ಪರೀಕ್ಷಿಸಿ.

ಈಗ ವೇಗದ ವಿಷಯಕ್ಕೆ ಬರೋಣ.

ಐರೀಡ್-ಆಲ್‌ನಂಥ ಕಾಯದ ಕರೆಗಳಿಗೆ ನಾನ್‌ಬ್ಲಾಕಿಂಗ್ ಅನ್ನುತ್ತಾರೆ. ನಾನ್‌ಬ್ಲಾಕಿಂಗ್ ಅಂದರೆ "ಹಿನ್ನೆಲೆಯಲ್ಲಿ ಕೆಲಸ ನಡೆಯುತ್ತದೆ" ಅಂತ ಬಹಳ ಜನ ನಂಬಿದ್ದಾರೆ. ಎಂಪಿಐ ಕೊಟ್ಟ ಮಾತು ಅದಲ್ಲ. ಕರೆ ತಕ್ಷಣ ವಾಪಸ್ ಬರುತ್ತದೆ, ಬೇರೆ ಪ್ರೊಸೆಸ್‌ಗಳಿಗಾಗಿ ಕಾಯುವುದಿಲ್ಲ ಅನ್ನುವುದಷ್ಟೇ ಅದರ ಮಾತು. ಆಮೇಲೆ ಕೆಲಸ ತಾನಾಗಿ ಮುಂದುವರಿಯಬಹುದು. ಮುಂದುವರಿಯಲೇಬೇಕು ಅಂತ ಇಲ್ಲ. ಅನ್ನದ ಕುಕ್ಕರ್ ಇಟ್ಟು ನೀವು ಬೇರೆ ಕೆಲಸಕ್ಕೆ ಹೋದರೂ ಅನ್ನ ಬೇಯುತ್ತದೆ. ಒರಳಿಗೆ ಅಕ್ಕಿ ಉದ್ದು ಹಾಕಿ ಹೋದರೆ ಬಂದು ನೋಡಿದಾಗಲೂ ಅಕ್ಕಿ ಅಕ್ಕಿಯಾಗಿಯೇ ಇರುತ್ತದೆ. ಗುಂಡನ್ನು ಯಾರಾದರೂ ತಿರುಗಿಸಬೇಕು. ನಿಮ್ಮ ಐರೀಡ್-ಆಲ್ ಬಹುಶಃ ಒರಳು.

ಯಾಕೆ ಅಂತ ತಿಳಿಯಲು ಕಲೆಕ್ಟಿವ್ ಓದು ಒಳಗೆ ಹೇಗೆ ನಡೆಯುತ್ತದೆ ಅಂತ ನೋಡಬೇಕು. ದೇವಸ್ಥಾನದ ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. 768 ಜನ ಎಲೆ ಹಿಡಿದು ಅಡುಗೆಮನೆಗೆ ನುಗ್ಗುವುದಿಲ್ಲ. ಕೆಲವರು ದೊಡ್ಡ ಪಾತ್ರೆಯಲ್ಲಿ ತಂದು ಸಾಲಾಗಿ ಬಡಿಸುತ್ತಾರೆ. ಅಮೆರಿಕದ ಆರ್ಗಾನ್ ನ್ಯಾಷನಲ್ ಲ್ಯಾಬೊರೇಟರಿಯಲ್ಲಿ ಹುಟ್ಟಿದ ರೋಮಿಯೋ ಅನ್ನುವ ಲೈಬ್ರರಿ ಮಾಡುವುದು ಇದನ್ನೇ. ಎಂಪಿಐಸಿಎಚ್ ಅನ್ನುವ ಎಂಪಿಐ ಮತ್ತು ಅದರಿಂದ ಬೆಳೆದ ಹಲವು ಎಂಪಿಐಗಳೊಳಗೆ ಫೈಲ್ ಕೆಲಸ ನೋಡಿಕೊಳ್ಳುವುದು ರೋಮಿಯೋ. ಬಡಿಸುವವರಿಗೆ ಅಲ್ಲಿ ಅಗ್ರಿಗೇಟರ್ ಅಂತ ಹೆಸರು. ಬೇರೆ ಏನೂ ಹೇಳದಿದ್ದರೆ ಸಾಮಾನ್ಯವಾಗಿ ನೋಡ್‌ಗೆ ಒಬ್ಬರು. ಅವರು ಫೈಲಿನ ದೊಡ್ಡ ದೊಡ್ಡ ತುಂಡುಗಳನ್ನು ಓದುತ್ತಾರೆ. ಆಮೇಲೆ ಯಾರ ಡಬ್ಬಿಗೆ ಯಾವುದು ಸೇರಬೇಕೋ ಅದನ್ನು ನೆಟ್‌ವರ್ಕ್ ಮೂಲಕ ಕಳಿಸುತ್ತಾರೆ. ಹಾಗಾಗಿಯೇ ಇದಕ್ಕೆ ಎರಡು ಹಂತದ ಓದು ಅನ್ನುತ್ತಾರೆ.

ಬಡಿಸುವವರ ಪಾತ್ರೆಗೂ ಒಂದು ಅಳತೆ ಇದೆ. ರೋಮಿಯೋದಲ್ಲಿ ಅದು ಮೊದಲಿಗೆ 16 ಎಂಬಿ. ನಿಮ್ಮಲ್ಲಿ 16 ಅಗ್ರಿಗೇಟರ್ ಇದ್ದರೆ ಒಂದು ಸುತ್ತಿಗೆ 256 ಎಂಬಿ. 24 ಜಿಬಿ ಮುಗಿಯಲು 96 ಸುತ್ತು. ಪ್ರತಿ ಸುತ್ತಲ್ಲೂ ಓದು, ಹಂಚು, ಮತ್ತೆ ಓದು. ಒಂದು ಸುತ್ತು ಮುಗಿದಿದೆಯೇ ಅಂತ ನೋಡಿ ಮುಂದಿನ ಸುತ್ತು ಶುರು ಮಾಡುವವರು ಬೇಕಲ್ಲ? ನಿಮ್ಮ ಪ್ರೊಸೆಸ್ ಲೆಕ್ಕದಲ್ಲಿ ಮುಳುಗಿದ್ದರೆ ಲೈಬ್ರರಿಯ ಕೈಗೆ ಕೋರ್ ಸಿಗುವುದೇ ಇಲ್ಲ. ನೀವು ಎಂಪಿಐ ಕರೆಯೊಂದರ ಒಳಗೆ ಹೋದಾಗ ಮಾತ್ರ ಅದು ಮುಂದೆ ಹೆಜ್ಜೆ ಇಡುತ್ತದೆ. 12 ಸೆಕೆಂಡ್ ನೀವು ಯಾವ ಎಂಪಿಐ ಕರೆಯನ್ನೂ ಮಾಡದಿದ್ದರೆ, 96 ಸುತ್ತಿನಲ್ಲಿ ಮೊದಲನೆಯದು ಮುಗಿದಿದ್ದರೆ ಹೆಚ್ಚು. ಉಳಿದದ್ದೆಲ್ಲ ವೇಟ್ ಒಳಗೆ ನಡೆಯುತ್ತದೆ. ನೀವು ಉಳಿಸಿದ ಒಂದು ಸೆಕೆಂಡ್ ಬಂದದ್ದು ಹೀಗೆ ಅಂತ ನನ್ನ ಊಹೆ.

ಈ ಕರೆಯ ಚರಿತ್ರೆಯೂ ಸ್ವಲ್ಪ ಗೊತ್ತಿರಲಿ, ಹಳೆಯ ಪಾಠಗಳನ್ನು ಓದುವಾಗ ಗೊಂದಲ ಆಗುವುದಿಲ್ಲ. 1997ರ ಎಂಪಿಐ-2ರಲ್ಲಿ ಓದನ್ನು ಬಿಗಿನ್, ಎಂಡ್ ಅಂತ ಎರಡು ಕರೆಗಳಾಗಿ ಒಡೆದಿದ್ದರು. ಒಂದು ಫೈಲ್ ಹ್ಯಾಂಡಲ್ (ತೆರೆದ ಫೈಲಿನ ಗುರುತು) ಮೇಲೆ ಒಂದು ಸಲಕ್ಕೆ ಅಂಥ ಒಂದೇ ಓದು ನಡೆಯಬಹುದಿತ್ತು. ರೋಮಿಯೋ ಆಗ ಎಲ್ಲ ಓದನ್ನೂ ಬಿಗಿನ್ ಒಳಗೇ ಮುಗಿಸಿಬಿಡುತ್ತಿತ್ತು. ನಿಯಮದ ಪ್ರಕಾರ ಅದೂ ಸರಿ. 2015ರ ಎಂಪಿಐ 3.1ರಲ್ಲಿ ಐರೀಡ್-ಆಲ್ ಮತ್ತು ಐರೀಡ್-ಅಟ್-ಆಲ್ ಬಂದವು. ಒಂದೇ ಹ್ಯಾಂಡಲ್ ಮೇಲೆ ಹಲವು ಓದುಗಳನ್ನು ಒಟ್ಟಿಗೆ ಬಾಕಿ ಇಡಬಹುದು ಅಂತಾಯಿತು. ಆದರೆ ಎಲ್ಲ ಪ್ರೊಸೆಸ್‌ಗಳೂ ಅವನ್ನು ಒಂದೇ ಕ್ರಮದಲ್ಲಿ ಕರೆಯಬೇಕು. ಓದಲು ಏನೂ ಇಲ್ಲದ ಪ್ರೊಸೆಸ್ ಕೂಡ ಸೊನ್ನೆ ಎಣಿಕೆ ಕೊಟ್ಟು ಕರೆಯಬೇಕು, ಇಲ್ಲದಿದ್ದರೆ ಉಳಿದವರು ವೇಟ್‌ನಲ್ಲಿ ಸಿಕ್ಕಿಕೊಳ್ಳುತ್ತಾರೆ. ಒಬ್ಬರು ರೀಡ್-ಆಲ್, ಇನ್ನೊಬ್ಬರು ಐರೀಡ್-ಆಲ್ ಕರೆದರೆ ಜೋಡಿಯಾಗುವುದಿಲ್ಲ.

ಏನಾದರೂ ಬದಲಾಯಿಸುವ ಮೊದಲು ಒಂದು ಸಂಜೆ ಅಳತೆಗೆ ಕೊಡಿ. ನಾಲ್ಕು ಕಡೆ ಗಡಿಯಾರ ಇಡಿ: ಐರೀಡ್-ಆಲ್ ಕರೆಗೆ, ಲೆಕ್ಕಕ್ಕೆ, ವೇಟ್‌ಗೆ, ಫೈಲ್ ತೆರೆಯುವುದಕ್ಕೆ. ಸರಾಸರಿ ನೋಡಬೇಡಿ, ಪ್ರೊಸೆಸ್‌ವಾರು ನೋಡಿ. ಆಮೇಲೆ ಲೆಕ್ಕವನ್ನು ತೆಗೆದು ಅದರ ಜಾಗದಲ್ಲಿ 12 ಸೆಕೆಂಡ್ ಸುಮ್ನೆ ನಿದ್ದೆ ಮಾಡಿಸಿ. ಇಷ್ಟು ಕಲಿಸುವ ಪ್ರಯೋಗ ನನಗೆ ಬೇರೆ ಗೊತ್ತಿಲ್ಲ. ನಿದ್ದೆಯ ನಂತರವೂ ವೇಟ್ 8-9 ಸೆಕೆಂಡ್ ಹಿಡಿದರೆ ಹಿನ್ನೆಲೆಯಲ್ಲಿ ಏನೂ ನಡೆಯುತ್ತಿಲ್ಲ, ಒರಳೇ ಖಚಿತ. ನಿದ್ದೆಯಲ್ಲಿ ಓದು ಮುಗಿದು, ನಿಜವಾದ ಲೆಕ್ಕದಲ್ಲಿ ಮುಗಿಯದಿದ್ದರೆ ಓದೂ ಲೆಕ್ಕವೂ ಒಂದೇ ಕೋರ್ ಅಥವಾ ಮೆಮೊರಿಗಾಗಿ ಕಿತ್ತಾಡುತ್ತಿವೆ ಅಂತ ಅರ್ಥ. ಒಂದು ಎಚ್ಚರಿಕೆ: ಒಂದೇ ಫೈಲನ್ನು ಮತ್ತೆ ಮತ್ತೆ ಓದಿ ಅಳೆಯಬೇಡಿ. ಎರಡನೇ ಸಲ ಅದು ಮೆಮೊರಿಯಲ್ಲಿ ಉಳಿದ ನಕಲಿನಿಂದ ಬಂದು ಸುಳ್ಳು ವೇಗ ತೋರಿಸುತ್ತದೆ. ನಿಮ್ಮ ಹತ್ತಿರ 240 ಫೈಲ್ ಇವೆ, ಪ್ರತಿ ಸಲ ಬೇರೆ ತೆಗೆದುಕೊಳ್ಳಿ.

ಎಷ್ಟು ಲಾಭ ಸಿಗಬಹುದು ಅನ್ನುವುದನ್ನೂ ಈಗಲೇ ಲೆಕ್ಕ ಹಾಕಿ. ಎಲ್ಲ ಸರಿಹೋದರೂ 9 ಸೆಕೆಂಡಿನ ಓದು 12 ಸೆಕೆಂಡಿನ ಲೆಕ್ಕದ ಹಿಂದೆ ಅಡಗಬಹುದು, ಅಷ್ಟೇ. 21 ಇದ್ದದ್ದು 12ಕ್ಕೆ ಬರುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಓದೂ ಲೆಕ್ಕವೂ ಸರಿಸಮ ಇದ್ದಾಗ ಮಾತ್ರ ಸಮಯ ಪೂರ್ತಿ ಅರ್ಧವಾಗುತ್ತದೆ. ಹಾಗಿದ್ದರೂ ನಿಮ್ಮ 240 ಹೆಜ್ಜೆಗೆ ಇದು 36 ನಿಮಿಷದ ಉಳಿತಾಯ. ಶ್ರಮ ಪಡಲು ಸಾಕಾದ ಕಾರಣ.

ದಾರಿಗಳನ್ನು ನಾನು ಪ್ರಯತ್ನಿಸುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಓದನ್ನೇ ಚಿಕ್ಕದು ಮಾಡಿ. ಹಳೆಯ ರೀಡ್-ಆಲ್ ಇಟ್ಟುಕೊಂಡೇ ಇದನ್ನು ಮಾಡಬಹುದು. ಫೈಲ್ ತೆರೆಯುವಾಗ ಇನ್ಫೋ (ಎಂಪಿಐಗೆ ಸೂಚನೆ ಕೊಡುವ ಪಟ್ಟಿ) ಮೂಲಕ ಸಿಬಿ-ಬಫರ್-ಸೈಜ್ ಅನ್ನು, ಅಂದರೆ ಪಾತ್ರೆಯ ಅಳತೆಯನ್ನು, 64 ಎಂಬಿಗೆ ಏರಿಸಿ. 96 ಸುತ್ತು 24 ಆಗುತ್ತದೆ. ಸಿಬಿ-ನೋಡ್ಸ್, ಅಂದರೆ ಅಗ್ರಿಗೇಟರ್‌ಗಳ ಸಂಖ್ಯೆ, ಬದಲಾಯಿಸಿ ನೋಡಿ. ನಿಮ್ಮಲ್ಲಿರುವುದು ಲಸ್ಟರ್ ಫೈಲ್ ವ್ಯವಸ್ಥೆಯಾಗಿದ್ದರೆ, ಫೈಲ್ ಎಷ್ಟು ಡಿಸ್ಕ್ ಗುಂಪುಗಳ ಮೇಲೆ ಹರಡಿದೆ ಅಂತ ಎಲ್‌ಎಫ್‌ಎಸ್ ಗೆಟ್‌ಸ್ಟ್ರೈಪ್ ಆಜ್ಞೆಯಿಂದ ನೋಡಿ. 24 ಜಿಬಿ ಫೈಲ್ ಒಂದೇ ಗುಂಪಿನ ಮೇಲೆ ಕೂತಿದ್ದರೆ ಎಷ್ಟು ಜನ ಬಡಿಸಲು ನಿಂತರೂ ಅಡುಗೆಮನೆಯ ಬಾಗಿಲು ಒಂದೇ. ಬರೆದಾದ ಮೇಲೆ ಈ ಹರವು ತಾನಾಗಿ ಬದಲಾಗುವುದಿಲ್ಲ. ಹೊಸ ಹರವು ಕೊಟ್ಟ ಡೈರೆಕ್ಟರಿಗೆ ನಕಲು ಮಾಡಬೇಕು. ನಾನು ಕಂಡ ಎಷ್ಟೋ ಪ್ರೋಗ್ರಾಂಗಳಲ್ಲಿ ಕೆಲಸ ಇಲ್ಲಿಗೇ ಮುಗಿದಿದೆ. ಈ ದಾರಿಯಲ್ಲಿ ಉತ್ತರ ತಪ್ಪಾಗುವ ಅಪಾಯವೂ ಇಲ್ಲ.

ಎರಡನೆಯದು, ಒರಳನ್ನು ನೀವೇ ತಿರುಗಿಸುವುದು. ಲೆಕ್ಕದ ಲೂಪ್ ನಡುವೆ ಆಗಾಗ, ಓದು ಮುಗಿದಿದೆಯೇ ಅಂತ ಕೇಳುವ ಟೆಸ್ಟ್ ಕರೆಯಿರಿ. ಐದು ಹತ್ತು ಸಲ ಕರೆದು "ಉಪಯೋಗ ಆಗಲಿಲ್ಲ" ಅನ್ನುವವರನ್ನು ನೋಡಿದ್ದೇನೆ. ಸುತ್ತು 96 ಇದ್ದಾಗ ಹತ್ತು ಸಲ ತಿರುಗಿಸಿದರೆ ಹಿಟ್ಟು ಆಗುವುದಿಲ್ಲ. ಸುತ್ತಿನ ಎರಡು ಮೂರು ಪಟ್ಟಾದರೂ ಟೆಸ್ಟ್ ಇರಲಿ. ಎಲ್ಲ ಪ್ರೊಸೆಸ್‌ಗಳಲ್ಲೂ ಇರಲಿ, ಯಾಕೆಂದರೆ ಹಂಚುವುದರಲ್ಲಿ ಎಲ್ಲರೂ ಪಾಲುದಾರರು. ಬಫರ್ ಎರಡು ಬೇಕು, ಒಂದರಲ್ಲಿ ಲೆಕ್ಕ, ಇನ್ನೊಂದಕ್ಕೆ ಓದು. ನಿಮಗೆ ಅದು 32 ಎಂಬಿಯ ಮಾತು, ಚಿಂತೆ ಇಲ್ಲ. ಅಪಾಯ ಇರುವುದು ಬೇರೆ ಕಡೆ. ರೋಮಿಯೋವನ್ನು ಲಿನಕ್ಸ್ ಮೇಲೆ ಕಟ್ಟಿದಾಗ, ಐರೀಡ್-ಆಲ್ ಒಳಗಿನ ಡಿಸ್ಕ್ ಓದು ಸಾಮಾನ್ಯವಾಗಿ ಕಾಯುವ ಓದೇ ಆಗಿರುತ್ತದೆ. ಅಂದರೆ ಅಗ್ರಿಗೇಟರ್ ಆಗಿರುವ ಪ್ರೊಸೆಸ್ ಟೆಸ್ಟ್ ಒಳಗೆ ಹೋದರೆ ಪಾತ್ರೆ ತುಂಬುವವರೆಗೆ ಹೊರಬರುವುದಿಲ್ಲ. ನೋಡ್‌ಗೊಬ್ಬರಂತೆ ಹದಿನಾರು ಜನ ಹಿಂದೆ ಬೀಳುತ್ತಾರೆ, ಉಳಿದ 752 ಜನ ಅವರಿಗಾಗಿ ಕಾಯುತ್ತಾರೆ. ಪ್ರೊಸೆಸ್‌ವಾರು ಅಳೆಯಿರಿ ಅಂದದ್ದು ಇದಕ್ಕೇ. ಇದನ್ನು ಸರಿದೂಗಿಸಲು ಅಗ್ರಿಗೇಟರ್‌ಗಳಿಗೆ ಚಿಕ್ಕ ಡಬ್ಬಿ ಕೊಡಬೇಕಾಗುತ್ತದೆ, ಅದು ದೊಡ್ಡ ತಲೆನೋವು.

ನಿಮ್ಮ ಗೆಳತಿ ಹೇಳಿದ ಥ್ರೆಡ್ ಮೂರನೆಯದು. ಪ್ರತಿ ಪ್ರೊಸೆಸ್‌ನಲ್ಲಿ ಒಂದು ಥ್ರೆಡ್ ಸಾದಾ ರೀಡ್-ಆಲ್ ಕರೆದು ಕಾಯುತ್ತದೆ, ಉಳಿದದ್ದು ಲೆಕ್ಕ ಮಾಡುತ್ತದೆ. ತಿರುಗಿಸುವ ಕೈ ಬೇರೆಯೇ ಇರುವುದರಿಂದ ಕೆಲಸ ನಿಜವಾಗಿಯೂ ಹಿನ್ನೆಲೆಯಲ್ಲಿ ನಡೆಯುತ್ತದೆ. ಇದಕ್ಕೆ ಎಂಪಿಐಯನ್ನು ಥ್ರೆಡ್-ಮಲ್ಟಿಪಲ್ (ಹಲವು ಥ್ರೆಡ್‌ಗಳು ಒಟ್ಟಿಗೆ ಎಂಪಿಐ ಕರೆಯಬಹುದಾದ) ಮಟ್ಟದಲ್ಲಿ ಶುರು ಮಾಡಬೇಕು. ಕೇಳಿದ ಮಟ್ಟ ಸಿಕ್ಕಿದೆಯೇ ಅಂತ ವಾಪಸ್ ಬಂದ ಬೆಲೆಯನ್ನು ನೋಡಲೇಬೇಕು, ಕೇಳಿದ್ದೆಲ್ಲ ಕೊಡುತ್ತದೆ ಅಂತಿಲ್ಲ. ಕೋರ್‌ಗೆ ಒಂದು ಪ್ರೊಸೆಸ್ ಈಗಾಗಲೇ ಇರುವುದರಿಂದ ಆ ಥ್ರೆಡ್‌ಗೆ ಖಾಲಿ ಕೋರ್ ಇಲ್ಲ. ಅದು ಕಾಯುವಾಗಲೂ ಕೋರ್ ತಿನ್ನುತ್ತದೆ. ನಿಮ್ಮಲ್ಲಿ ನೋಡ್‌ಗೆ ನಾಲ್ಕು ಪ್ರೊಸೆಸ್, ಒಳಗೆ ಓಪನ್‌ಎಂಪಿ ಥ್ರೆಡ್‌ಗಳು ಇದ್ದಿದ್ದರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತಿದ್ದೆ. 48 ಪ್ರೊಸೆಸ್ ಇರುವಾಗ ಹೇಳಲಾರೆ.

ಬರೀ ಐರೀಡ್ ಹಾಕು ಅಂದ ಗೆಳೆಯನ ಮಾತು ಅರ್ಧ ಸರಿ. ಪ್ರತಿ ಪ್ರೊಸೆಸ್ ಫೈಲಿನಲ್ಲಿ ಒಂದೇ ದೊಡ್ಡ ಸಾಲಾದ ತುಂಡನ್ನು ಓದುವುದಾದರೆ ಕಲೆಕ್ಟಿವ್ ಬೇಕಾಗಿಯೇ ಇಲ್ಲ. ನಿಮ್ಮದು ಡಬ್ಬಿ. ಫೈಲಿನಲ್ಲಿ ಅದು ಸಾವಿರಾರು ಚಿಕ್ಕ ಚೂರುಗಳಾಗಿ ಹರಡಿರುತ್ತದೆ. 768 ಜನ ಅಂಥ ಚೂರುಗಳಿಗಾಗಿ ಒಟ್ಟಿಗೆ ನುಗ್ಗಿದರೆ ಫೈಲ್ ವ್ಯವಸ್ಥೆ ಬಳಲುತ್ತದೆ, ಅದನ್ನು ಬಳಸುವ ಉಳಿದವರಿಗೂ ತೊಂದರೆ. ಜೊತೆಗೆ ಚೂರುಚೂರಾದ ಓದಾದರೆ ರೋಮಿಯೋ ಐರೀಡ್ ಕರೆಯ ಒಳಗೇ ಪೂರ್ತಿ ಓದಿ ಮುಗಿಸುತ್ತದೆ. ಹೆಸರಿನಲ್ಲಿ ಮಾತ್ರ ನಾನ್‌ಬ್ಲಾಕಿಂಗ್.

ಎಂಪಿಐ ಮೇಲೆ ಕಟ್ಟಿದ ಫೈಲ್ ಲೈಬ್ರರಿ ಪಿನೆಟ್‌ಸಿಡಿಎಫ್‌ಗೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ಅದರ ಐಗೆಟ್ ಕರೆ ಕೋರಿಕೆಯನ್ನು ಬರೆದಿಟ್ಟುಕೊಳ್ಳುತ್ತದೆ, ನಿಜವಾದ ಓದು ವೇಟ್-ಆಲ್‌ನಲ್ಲಿ. ಹತ್ತಾರು ಚಿಕ್ಕ ಓದುಗಳನ್ನು ಒಂದಾಗಿ ಕಟ್ಟಲು ಅದು ತುಂಬ ಒಳ್ಳೆಯದು. ಲೆಕ್ಕದ ಹಿಂದೆ ಓದನ್ನು ಅಡಗಿಸಲು ಅದನ್ನು ಮಾಡಿದ್ದಲ್ಲ.

ಕೊನೆಯ ದಾರಿ ನನಗೆ ನಿಮ್ಮ ಪ್ರೋಗ್ರಾಂಗೆ ತುಂಬ ಹೊಂದುತ್ತದೆ ಅನ್ನಿಸುತ್ತದೆ: ಓದುವವರನ್ನೇ ಬೇರೆ ಇಡುವುದು. ಡಬ್ಲ್ಯುಆರ್‌ಎಫ್ ಹವಾಮಾನ ಮಾದರಿ ಬರೆಯುವ ಕೆಲಸಕ್ಕೆ ಹೀಗೇ ಕೆಲವು ಪ್ರೊಸೆಸ್‌ಗಳನ್ನು ಬೇರೆ ಇಡುತ್ತದೆ, ಅಲ್ಲಿ ಇದಕ್ಕೆ ಕ್ವಿಲ್ಟಿಂಗ್ ಅನ್ನುತ್ತಾರೆ. ನೋಡ್‌ಗೆ ಒಬ್ಬರನ್ನು ತೆಗೆದರೆ 47 ಉಳಿಯುತ್ತದೆ. 47 ಅವಿಭಾಜ್ಯ ಸಂಖ್ಯೆ, ಡಬ್ಬಿ ಹಂಚಲು ಒದ್ದಾಡುತ್ತೀರಿ. ಮೂವರನ್ನು ತೆಗೆಯಿರಿ. 45 ಗುಣಿಸು 16, ಅಂದರೆ 720. ಅದು 8, 9, 10ರ ಗುಣಲಬ್ಧ, ಮೂರು ಆಯಾಮಕ್ಕೆ ಚೆನ್ನಾಗಿ ಒಡೆಯುತ್ತದೆ. ಲೆಕ್ಕದ ಸಮಯ 12ರಿಂದ 12.8ಕ್ಕೆ ಏರುತ್ತದೆ. ಓದುವವರು 48 ಜನ, ಒಬ್ಬರಿಗೆ 512 ಎಂಬಿ, ಅದೂ ಫೈಲಿನ ಒಂದೇ ಸಾಲಾದ ತುಂಡು. ಸಾದಾ ಓದು ಸಾಕು. ಓದಿದ್ದನ್ನು ತುಂಡು ಮಾಡಿ, ಕಾಯದೆ ಕಳಿಸುವ ಐಸೆಂಡ್‌ನಿಂದ ಡಬ್ಬಿಗಳಿಗೆ ಕಳಿಸುತ್ತಾರೆ. ಲೆಕ್ಕ ಮಾಡುವವರು ಕಾಯದೆ ಪಡೆಯುವ ಐರಿಸೀವ್ ಮೊದಲೇ ಹಾಕಿಟ್ಟಿರುತ್ತಾರೆ. ಎರಡೆರಡು ಬಫರ್ ಇಟ್ಟರೂ ನೋಡ್‌ಗೆ 3 ಜಿಬಿ. ತೊಂದರೆ ಅಂದರೆ ಕೋಡ್ ಜಾಸ್ತಿ ಬರೆಯಬೇಕು, ಮತ್ತು ಯಾವ ತುಂಡು ಯಾರಿಗೆ ಅನ್ನುವ ಪಟ್ಟಿಯಲ್ಲಿ ತಪ್ಪು ನುಸುಳಬಹುದು. ಫೈಲಿನ ಪ್ರತಿ ಜಾಗದಲ್ಲೂ ಆ ಜಾಗದ ಸಂಖ್ಯೆಯನ್ನೇ ಬರೆದ ಒಂದು ಚಿಕ್ಕ ಪರೀಕ್ಷಾ ಫೈಲ್ ಮಾಡಿಕೊಳ್ಳಿ, ತಪ್ಪು ತಕ್ಷಣ ಕಾಣುತ್ತದೆ.

ಇದರಲ್ಲಿ ಇನ್ನೊಂದು ಲಾಭ ಇದೆ. ಎಂಪಿಐನಲ್ಲಿ ನಾನ್‌ಬ್ಲಾಕಿಂಗ್ ಫೈಲ್-ಓಪನ್ ಇಲ್ಲ. ಹೆಜ್ಜೆಗೊಂದು ಫೈಲ್ ಇರುವಾಗ ತೆರೆಯುವುದು, ವ್ಯೂ (ಯಾರು ಫೈಲಿನ ಯಾವ ಭಾಗ ನೋಡಬೇಕು ಅನ್ನುವುದು) ಇಡುವುದು, ಮುಚ್ಚುವುದು 240 ಸಲ. ಇವೆಲ್ಲ 768 ಜನ ಒಟ್ಟಿಗೆ ಮಾಡಬೇಕಾದ ಕರೆಗಳು. ಐರೀಡ್-ಆಲ್ ಎಷ್ಟೇ ಚೆನ್ನಾಗಿ ಓಡಿದರೂ ಅವನ್ನು ಅಡಗಿಸಲಾರದು. ಓದುವವರು ಬೇರೆ ಇದ್ದರೆ ತೆರೆಯುವುದೂ ಅವರ ಪಾಲಿಗೇ ಹೋಗುತ್ತದೆ, ಲೆಕ್ಕ ಮಾಡುವ 720 ಜನ ಫೈಲನ್ನು ಮುಟ್ಟುವುದೇ ಇಲ್ಲ. ನಿಮ್ಮ ನಾಲ್ಕು ಗಡಿಯಾರಗಳಲ್ಲಿ ಫೈಲ್ ತೆರೆಯುವುದರ ಅಂಕಿ ಒಂದು ಸೆಕೆಂಡಿಗಿಂತ ಜಾಸ್ತಿ ಬಂದರೆ, ಎರಡನೇ ದಾರಿಗೆ ಸಮಯ ಹಾಕದೆ ನೇರ ಇದಕ್ಕೇ ಬನ್ನಿ.